ಉದ್ಘಾಟನೆಗಿಂತ ಮೊದಲು ಬಂದ ಬಾಣಂತಿ

ನಮ್ಮ ಇಚಿಲಂಪಾಡಿಯಲ್ಲಿ ಬಡವರಿಗೆ ಮನೆ ಕಟ್ಟಿಕೊಡುದು ಸುಲಭ. ಆ ಮನೆಯ ಬಾಗಿಲು ತೆಗೆಯುದು ಉಂಟಲ್ಲ, ಅದು ಕಷ್ಟ ಮಾರಾಯ್ರೆ. ಅದಕ್ಕೆ ಅಧ್ಯಕ್ಷರು ಬೇಕು, ಶಾಮಿಯಾನ ಬೇಕು, ಮೈಕ್ ಬೇಕು, ಗಲ್ಫಿನಿಂದ ಒಬ್ಬರು ಮುಖ್ಯ ಅತಿಥಿ ಬೇಕು.

ಸುಹರಾ ನನ್ನ ನೆರೆಕರೆಯವಳು. ಗಂಡ ತೀರಿಹೋದ ಮೇಲೆ ಬೀಡಿ ಕಟ್ಟಿ ಒಬ್ಬಳೇ ಮಗಳನ್ನು ಸಾಕಿ ಜಾಲ್ಸೂರಿಗೆ ಮದುವೆ ಮಾಡಿ ಕೊಟ್ಟವಳು. ಕಳೆದ ಮಳೆಗಾಲದಲ್ಲಿ ಅವಳ ಮಣ್ಣಿನ ಗೋಡೆ ಕುಸಿದುಬಿತ್ತು. ಅಂದಿನಿಂದ ಟರ್ಪಾಲಿನ ಅಡಿಯಲ್ಲೇ ವಾಸ. ಊರಿನವರೆಲ್ಲ ಸೇರಿ ಅವಳಿಗೊಂದು ಮನೆ ಕಟ್ಟುವ ಅಂತ ಹೊರಟೆವು. ಸುಳ್ಳು ಹೇಳಬಾರದು, ಜನ ದುಡಿದರು. ಒಬ್ಬರು ಕೆಂಪುಕಲ್ಲು ತಂದು ಹಾಕಿದರು, ಒಬ್ಬರು ಹೆಂಚು ಕೊಟ್ಟರು, ಮರದ ಕೆಲಸದ ಕಿಟ್ಟಣ್ಣ ತನ್ನ ಮನೆಗೆ ಅಂತ ಇಟ್ಟಿದ್ದ ಹಲಸಿನ ಹಲಗೆಯಲ್ಲೇ ಬಾಗಿಲು ಮಾಡಿಕೊಟ್ಟ. ಭಾನುವಾರ ಬಂದರೆ ಸಾಕು, ನಾನೂ ಕಲ್ಲು ಹೊರಲಿಕ್ಕೆ ಹೋಗುತ್ತಿದ್ದೆ. ನನ್ನ ಸೊಂಟ ಇವತ್ತಿಗೂ ಸರಿ ಆಗಲಿಲ್ಲ.

ಸಂಕಪ್ಪಣ್ಣ ಮಾತ್ರ ಒಂದು ಬುಟ್ಟಿ ಮಣ್ಣು ಹೊತ್ತವರಲ್ಲ. ಅವರು ನಮ್ಮ ಸೇವಾ ಬಳಗದ ಅಧ್ಯಕ್ಷರು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬರುವರು, ಮೇಸ್ತ್ರಿಯ ಕೈಯಿಂದ ಕರಣೆ ತಗೊಂಡು ಗೋಡೆಗೆ ತಾಗಿಸಿ ಫೋಟೋ ತೆಗೆಸುವರು, ಕರಣೆ ವಾಪಸ್ ಕೊಟ್ಟು ಕೈ ತೊಳೆಯುವರು. ಕೈಗೆ ಎಂತ ತಾಗಿತ್ತು ಅಂತ ತೊಳೆಯುದೋ, ಅವರಿಗೇ ಗೊತ್ತು.

ಅಂತೂ ಮನೆ ಮುಗಿಯಿತು. ಸುಹರಾ ಪಾತ್ರೆಪಗಡಿ ಕಟ್ಟಿಟ್ಟಳು. ಸಂಕಪ್ಪಣ್ಣ ಬಂದು ಹೊಸ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಕಿಸೆಗೆ ಇಳಿಸಿದರು.

“ಉದ್ಘಾಟನೆ ಆಗದೆ ಒಳಗೆ ಹೋಗುದು ಹೇಗೆ? ನೌಷಾದ್ ಸಾಹೇಬ್ರು ದುಬೈಯಿಂದ ಬರಬೇಕು. ಸಿಮೆಂಟಿನ ಖರ್ಚೆಲ್ಲ ಅವರದ್ದು, ಬೀಗ ಅವರೇ ತೆಗೆಯಬೇಕು. ಅಲ್ಲಿವರೆಗೆ ಯಾರೂ ಬೀಗ ಮುಟ್ಟಬಾರದು.”

ಸಾಹೇಬರಿಗೆ ಮೊದಲು ರಜೆ ಸಿಗಲಿಲ್ಲ. ಮತ್ತೆ ಟಿಕೆಟ್ ಸಿಗಲಿಲ್ಲ. ಮತ್ತೆ ಎಂತದೋ. ಫ್ಲೆಕ್ಸಿನಲ್ಲಿ ಹಳೆಯ ತಾರೀಕಿನ ಮೇಲೆ ಹೊಸ ತಾರೀಕು ಅಂಟಿಸಿ ಅಂಟಿಸಿ ಆ ಜಾಗ ಹಪ್ಪಳದ ಹಾಗೆ ಉಬ್ಬಿತ್ತು. ಇತ್ತ ಮಗಳು ಶಿಫಾಳಿಗೆ ದಿನ ತುಂಬಿತು. ಮೊದಲ ಬಾಣಂತನ ತಾಯಿಮನೆಯಲ್ಲೇ ಆಗಬೇಕಲ್ಲ? ಗಂಡನ ಮನೆಯವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು, ಮನೆ ಇದ್ದರೆ ಕರ್ಕೊಂಡು ಹೋಗಿ, ಟರ್ಪಾಲಿನ ಅಡಿಗೆ ಕಳಿಸುದಿಲ್ಲ, ಆಸ್ಪತ್ರೆಯಿಂದ ನೇರ ಜಾಲ್ಸೂರಿಗೆ ಅಂತ. ಸುಹರಾಳಿಗೆ ಹಗಲೂ ರಾತ್ರಿ ಅದೊಂದೇ ಚಿಂತೆ. ಒಬ್ಬಳೇ ಮಗಳು, ಮೊದಲ ಮಗು. ಬಾಣಂತನದ ಆ ನಲ್ವತ್ತು ದಿನ ಕೈತಪ್ಪಿದರೆ ಮತ್ತೆ ಬರುದಿಲ್ಲ.

ಪುತ್ತೂರಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಆಯಿತು. ನಾಳೆ ಮನೆಗೆ ಕಳಿಸ್ತೇವೆ ಅಂತ ಡಾಕ್ಟ್ರು ಹೇಳಿದ ದಿನ ನಾನೂ ಸುಹರಾಳೂ ಸಂಕಪ್ಪಣ್ಣನ ಮನೆ ಜಗಲಿಯಲ್ಲಿ ಹೋಗಿ ನಿಂತೆವು.

“ಸಾಹೇಬ್ರು ಭಾನುವಾರ ಬರ್ತಾರೆ, ಇನ್ನು ಗ್ಯಾರಂಟಿ,” ಅಂದರು. “ಇಷ್ಟು ತಿಂಗಳು ತಾಳಿದ್ದಿ ಸುಹರಾ, ಇನ್ನು ನಾಲ್ಕು ದಿನ ಎಂತ?”

“ನಾನು ತಾಳ್ತೇನೆ ಸಂಕಪ್ಪಣ್ಣ. ಮಗು ಹೇಗೆ ತಾಳುದು?”

“ನೋಡುವ,” ಅಂತ ಹೇಳಿ ಫೋನ್ ಎತ್ತಿಕೊಂಡರು. ಶಾಮಿಯಾನದವನ ಹತ್ತಿರ ಕುರ್ಚಿಯ ವಿಷಯ ಮಾತಾಡಲಿಕ್ಕೆ! ಥೂ, ಇವರ ಸೇವೆಗೆ ಬೆಂಕಿ ಬೀಳಲಿ.

ದಾರಿಯುದ್ದಕ್ಕೂ ಸುಹರಾ ಅತ್ತಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ನೇರ ಕಿಟ್ಟಣ್ಣನ ಹತ್ತಿರ ಹೋಗಿ, ಬೀಗ ಒಡೆದು ಕೊಡು ಅಂದೆ.

“ಬೀಗ ಮುಟ್ಟಬಾರದು ಅಂತ ಅಧ್ಯಕ್ಷರ ಅಪ್ಪಣೆ ಉಂಟಲ್ಲ ಪಂಕಜಕ್ಕ,” ಅಂತ ನಕ್ಕ. “ಮುಟ್ಟುದು ಬೇಡ.”

ಬೆಳಿಗ್ಗೆ ಏಣಿ ತಂದು, ಹೆಂಚು ಸರಿಸಿ ಒಳಗೆ ಇಳಿದ. ಮೊದಲು ಹಿಂದಿನ ಅಡಿಗೆಮನೆ ಬಾಗಿಲಿನ ಚಿಲಕ ತೆಗೆದ. ಇಷ್ಟು ಸಾಕು ಅಂದೆ ನಾನು. ಸುಹರಾ ಒಪ್ಪಲಿಲ್ಲ. “ನನ್ನ ಮೊಮ್ಮಗಳು ಮೊದಲ ಸಲ ಬರುದು. ಹಿಂದಿನಿಂದ ಬರ್ಲಿಕ್ಕೆ ಅವಳೇನು ಕಳ್ಳಿಯಾ?” ಆಗ ಕಿಟ್ಟಣ್ಣ ಎದುರಿನ ಬಾಗಿಲಿನ ಎರಡೂ ಕದಗಳ ಬಿಜಾಗರಿಗಳನ್ನು ಒಳಗಿನಿಂದಲೇ ಬಿಚ್ಚಿ, ಇಡೀ ಬಾಗಿಲನ್ನೇ ಎತ್ತಿ ತಂದು ಅಂಗಳದ ಗೋಡೆಗೆ ಒರಗಿಸಿದ. ಬೀಗ ಅದರಲ್ಲೇ ಭದ್ರವಾಗಿತ್ತು. ಮಧ್ಯಾಹ್ನ ಶಿಫಾ ಮಗುವನ್ನು ಎತ್ತಿಕೊಂಡು ಎದುರಿನಿಂದಲೇ ಒಳಗೆ ಬಂದಳು. ಬಾಗಿಲಿನ ಜಾಗಕ್ಕೆ ಸುಹರಾ ಒಂದು ಬೆಡ್‌ಶೀಟ್ ಕಟ್ಟಿದಳು.

ಊರಿಗೆಲ್ಲ ಗೊತ್ತಾಯಿತು, ಸಂಕಪ್ಪಣ್ಣನಿಗೆ ಮಾತ್ರ ಯಾರೂ ಹೇಳಲಿಲ್ಲ. ಊರಿಗೆ ಅವರ ಮೇಲೆ ಅಷ್ಟು ಪ್ರೀತಿ!

ಭಾನುವಾರ ಕಾರು ಬಂತು. ನೌಷಾದ್ ಸಾಹೇಬರು ಇಳಿದರು, ಹಿಂದೆ ರಿಬ್ಬನ್ ಹಿಡಿದುಕೊಂಡು ಅಧ್ಯಕ್ಷರು.

“ಬಾಗಿಲು ಎಲ್ಲಿ?” ಅಂದರು ಅಧ್ಯಕ್ಷರು.

ಕಿಟ್ಟಣ್ಣ ಕೈ ತೋರಿಸಿದ. “ಅಲ್ಲುಂಟು. ಬೀಗ ನಾವು ಮುಟ್ಟಲಿಲ್ಲ.”

ಸಂಕಪ್ಪಣ್ಣನ ಮುಖ ಕಪ್ಪಿಟ್ಟಿತು. ಆದರೆ ನೋಡಿ, ಇಂಥವರಿಗೆ ನಾಚಿಕೆ ಅನ್ನುದು ಹುಟ್ಟುವಾಗಲೇ ಇರುದಿಲ್ಲ. ಇಬ್ಬರನ್ನು ಕರೆದು ಬಾಗಿಲನ್ನು ಅಂಗಳದ ನಡುವೆ ನೆಟ್ಟಗೆ ಹಿಡಿಸಿದರು, ರಿಬ್ಬನ್ ಕಟ್ಟಿಸಿದರು. ಸಾಹೇಬರು ಕತ್ತರಿಸಿ, ಹಿಂದೆ ಮುಂದೆ ಮನೆಯೇ ಇಲ್ಲದ ಆ ಬಾಗಿಲಿನ ಬೀಗ ತೆಗೆದರು. ಜನ ಚಪ್ಪಾಳೆ ಸಹ ತಟ್ಟಿದರು ಮಾರಾಯ್ರೆ!

ಅಷ್ಟಕ್ಕೆ ಮುಗಿಯಲಿಲ್ಲ. ಬಾಣಂತಿ, ಮಗುವಿನ ಜೊತೆ ಒಂದು ಫೋಟೋ ಬೇಕು ಅಂದರು ಸಾಹೇಬರು. ಸಂಕಪ್ಪಣ್ಣ ಮೈಕಿನಲ್ಲೇ ಕೂಗಿದರು, “ಶಿಫಾ, ಮಗುವನ್ನು ಹಿಡ್ಕೊಂಡು ವೇದಿಕೆಗೆ ಬರಬೇಕು!” ಒಳಗೆ ಮಗು ಬೆಚ್ಚಿಬಿದ್ದು ಕಿರುಚಿತು.

ಬೆಡ್‌ಶೀಟ್ ಸರಿಸಿ ಸುಹರಾ ಹೊರಗೆ ಬಂದಳು. “ಅವಳು ಬರುದಿಲ್ಲ. ಹಸಿ ಬಾಣಂತಿ.”

“ಎಂತ ಸುಹರಾ ನೀನು! ಮನೆಯೇ ಕಟ್ಟಿಕೊಟ್ಟಿದ್ದೇವೆ, ಒಂದು ಫೋಟೋಕ್ಕೆ ನಿಲ್ಲಲಿಕ್ಕೆ ಆಗುದಿಲ್ವಾ?”

ಸುಹರಾ ಯಾರೆದುರೂ ಸ್ವರ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ.

“ಮನೆ ಬೇಕಾದರೆ ನಲ್ವತ್ತು ಕಳೆದ ಮೇಲೆ ವಾಪಸ್ ತಗೊಳ್ಳಿ ಸಂಕಪ್ಪಣ್ಣ. ಟರ್ಪಾಲು ನನಗೆ ಅಭ್ಯಾಸ ಉಂಟು. ಈಗ ಮಗು ಮಲಗಬೇಕು. ಆ ಮೈಕ್ ಬಂದ್ ಮಾಡಿ.”

ಮೈಕಿನವನು ಅಧ್ಯಕ್ಷರ ಮುಖ ಸಹ ನೋಡದೆ ವಯರು ಎಳೆದ. ಸಂಕಪ್ಪಣ್ಣ ಬರೆದು ತಂದಿದ್ದ ಭಾಷಣವನ್ನು ಅಷ್ಟೂ ಪಿಸುಪಿಸು ಅಂತ ಓದಿದರು, ಎರಡನೇ ಸಾಲಿನವರಿಗೂ ಒಂದಕ್ಷರ ಕೇಳಲಿಲ್ಲ. ಮಗು ನಿದ್ದೆ ಹೋಯಿತು.