ಮಿತಿಯೊಳಗೆ

ಯಂತ್ರದ ತಲೆಗೆ ಮೈಯೊರೆಸುವ ಬೈರಾಸು ಹೊದಿಸಿ, ಹಾರಿಹೋಗದಂತೆ ಹಗ್ಗವನ್ನೂ ಬಿಗಿದಿದ್ದರು. ಒಳಗೆ ಮೋಟರು ಓಡುತ್ತಲೇ ಇತ್ತು.

"ಯಾರು ಮಾಡಿದ್ದು ಇದು?" ಮಾಲಿನ್ಯ ಮಂಡಳಿಯ ಉದಯಶಂಕರ ಕೇಳಿದ.

"ನಾನೇ," ಅಂದಳು ಅಮ್ಮು, ಹೆಮ್ಮೆಯಿಂದ. "ನೀವು ಬೆಳಿಗ್ಗೆ ಇಟ್ಟು ಪುತ್ತೂರಿಗೆ ಹೋದಿರಿ. ಕ್ರಷರಿನ ಹುಡಿ ಎಷ್ಟು ಉಂಟು ನೋಡಿ. ಸರ್ಕಾರದ ಸೊತ್ತು, ಹಾಳಾಗುದು ಬೇಡ ಮಾರಾಯ್ರೆ."

ಗಾಳಿಯಲ್ಲಿನ ಆ ಹುಡಿಯನ್ನು ಅಳೆಯಲೆಂದೇ ಯಂತ್ರ ರಾಮಕುಂಜದ ಅಮ್ಮುವಿನ ಅಂಗಳಕ್ಕೆ ಬಂದಿತ್ತು. ಮಿತಿ ಮೀರಿದರೆ, ಹೊಸ ಕಾನೂನಿನಂತೆ, ಜಲ್ಲಿ ಕ್ರಷರ್ ಇಲ್ಲಿಂದ ಏಳಬೇಕು. ಅರ್ಜಿ ಹಾಕಿದವಳೂ ಅಮ್ಮುವೇ. ಮೊಮ್ಮಗನ ಉಬ್ಬಸ ನಿಲ್ಲುತ್ತಿರಲಿಲ್ಲ.

ಮಿತಿ ಗೊತ್ತುಮಾಡಿದ ಸಭೆಯಲ್ಲಿ ಉದಯಶಂಕರನೂ ಕೂತಿದ್ದ. ಕೆಲವರು ಹೆಚ್ಚಾಯಿತು ಅಂದರು, ಕೆಲವರು ಕಡಿಮೆಯಾಯಿತು ಅಂದರು. ಊಟದ ಹೊತ್ತಿಗೆ ನಡುವಿನದೊಂದು ಎಲ್ಲರಿಗೂ ಸರಿಯೆನಿಸಿತು. ಅಲ್ಲಿ ಯಾರೂ ಕೆಮ್ಮಿದ ನೆನಪಿಲ್ಲ.

ಅವನು ಫಿಲ್ಟರ್ ಕಾಗದ ಬಿಡಿಸಿದ. ತೆಳ್ಳಗಿನ ಬೂದುಬಣ್ಣ, ಅಷ್ಟೆ.

"ಒಂದು ಚೂರೂ ಒಳಗೆ ಹೋಗಲಿಲ್ಲ ಅಲ್ವಾ?" ಅಮ್ಮು ಬೈರಾಸನ್ನು ಕೊಡವಿದಳು.

ಹೋಗಿತ್ತು. ಬೈರಾಸು ತಡೆದದ್ದು ದಪ್ಪ ಹುಡಿಯನ್ನು. ಅದನ್ನು ಮೂಗೂ ತಡೆಯುತ್ತದೆ. ದಾಟಿ ಬಂದದ್ದೇ ಶ್ವಾಸಕೋಶದ ತಳಕ್ಕೆ ಇಳಿಯುವಂಥದ್ದು. ಆದರೆ ಮಿತಿ ಇರುವುದು ತೂಕಕ್ಕೆ. ಇದು ತೂಗುವುದೇ ಇಲ್ಲ.

"ಹಾಗಾದ್ರೆ ಕ್ರಷರ್ ಹೋಗ್ತದಾ?"

"ವರದಿ ಬರಲಿ, ಅಮ್ಮ."

"ವರದಿಯಲ್ಲಿ ಎಂತ ಬರುದು?"

"ತೂಕ."

"ನಮ್ಮ ಮಗುವಿನ ತೂಕವನ್ನೂ ಬರ್ಕೊಳ್ಳಿ ಸಾರ್," ಒಳಗಿನಿಂದ ಸೊಸೆ ಪಂಕಜಾಕ್ಷಿಯ ದನಿ ಬಂತು. "ಇಳಿತಾ ಉಂಟು."

ಇನ್ನೊಮ್ಮೆ ಅಳೆಯಬಹುದಿತ್ತು. ಆದರೆ ನಾಳೆ ಯಂತ್ರ ಸುಳ್ಯದಲ್ಲಿರಬೇಕು. ಮೋಟರು ನಿಂತಿರಲಿಲ್ಲ, ಕಾಗದ ಹರಿದಿರಲಿಲ್ಲ. ಬೈರಾಸಿನ ಸಂಗತಿ ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ತೂಕ ಮಿತಿಯೊಳಗೇ ಬರುತ್ತದೆ, ಅನುಮಾನವಿಲ್ಲ. ಇಷ್ಟು ಖಚಿತವಾಗಿ ಏನನ್ನಾದರೂ ತಿಳಿದು ಎಷ್ಟು ಕಾಲವಾಯಿತೋ. ಮನಸ್ಸು ಹಗುರಾಯಿತು.

"ಬನ್ನಿ, ಚಾ ಕುಡಿದೇ ಹೋಗುದು," ಅಂದಳು ಅಮ್ಮು.

ಒಳಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ತೊಟ್ಟಿಲಿನ ಮೇಲೆ, ಹುಡಿ ಬೀಳದಂತೆ, ಒಂದು ಒದ್ದೆ ಸೀರೆ ಹರಡಿತ್ತು.

"ಮೆಲ್ಲ," ಅಂದಳು ಪಂಕಜಾಕ್ಷಿ. "ಈಗಷ್ಟೇ ಮಲಗಿದ್ದು."

ಅವನು ಚಾ ಹಿಡಿದು ನಿಂತ. ಜೋತುಬಿದ್ದ ಸೀರೆಯ ನಡುವೆ, ಮಗುವಿನ ಮುಖದ ಬಳಿ, ಒಂದು ಪುಟ್ಟ ಗುಳಿ ಬೀಳುತ್ತಿತ್ತು. ಉಬ್ಬುತ್ತಿತ್ತು. ಮತ್ತೆ, ಸ್ವಲ್ಪ ತಡೆದು, ಬೀಳುತ್ತಿತ್ತು.