ಮುಖ ಹೊಂದುತ್ತಿಲ್ಲ

ನಮ್ಮಕ್ಕ ಲಿಂಡೌರಾ ಬೆಲೆಮ್ ಊರಿನ ನಮ್ಮ ಬೀದಿಯ ಮೂಲೆಯಲ್ಲಿ ಇಪ್ಪತ್ತಾರು ವರ್ಷ ಟಕಕಾ ಎಂಬ ಬಿಸಿ ಗಂಜಿಸಾರು ಮಾರಿದವಳು. ಸಂಜೆ ನಾಲ್ಕಕ್ಕೆ ಅವಳ ಗಾಡಿ ಬಂದು ನಿಂತರೆ ಬಸ್ಸಿಳಿದವರು ಮನೆಗೆ ಹೋಗುವುದನ್ನು ಮರೆತು ಅಲ್ಲೇ ನಿಲ್ಲುತ್ತಿದ್ದರು. ಸೋರೆಬುರುಡೆಯ ಬಟ್ಟಲಿನಲ್ಲಿ ಮರಗೆಣಸಿನ ಗಂಜಿ, ಕುದಿಯುವ ಹುಳಿಸಾರು, ಒಣಸಿಗಡಿ, ಮೇಲೆ ತುಟಿ ಜುಮ್ಮೆನ್ನಿಸುವ ಜಂಬು ಸೊಪ್ಪು. ಫೆಬ್ರವರಿಯ ಒಂದು ಸಂಜೆ ಬಾಯಿ ಮರಗಟ್ಟಿದಾಗ ಅವಳು ಅದೇ ಸೊಪ್ಪನ್ನು ದೂರಿದಳು.

"ರುಚಿ ನೋಡ್ತಾ ನೋಡ್ತಾ ಜಂಬು ಜಾಸ್ತಿ ತಿಂದ್ಬಿಟ್ಟೆ ಕಣೆ ಜಾಸಿ."

ನಾವಿಬ್ಬರೂ ನಕ್ಕೆವು. ಅರ್ಧ ಗಂಟೆಯಲ್ಲಿ ಸೌಟು ಅವಳ ಕೈಯಿಂದ ಜಾರಿ ಬಿತ್ತು. ಬಲಗೈ, ಬಲಗಾಲು, ಮುಖದ ಬಲಭಾಗ ಎಲ್ಲಕ್ಕೂ ಲಕ್ವ ಹೊಡೆದಿತ್ತು. ಆ ಅರ್ಧ ಗಂಟೆ ನಗುತ್ತಾ ಕೂತಿದ್ದೆವಲ್ಲ ಎಂಬ ಸಂಕಟ ನನಗೆ ಇನ್ನೂ ಹೋಗಿಲ್ಲ.

ಆಸ್ಪತ್ರೆಯಲ್ಲಿದ್ದ ಸಮಾಜ ಸೇವಕಿಯೊಬ್ಬಳು ಅಂಗವಿಕಲರ ವೇತನಕ್ಕೆ ತಾನೇ ಅರ್ಜಿ ಹಾಕಿಕೊಟ್ಟು, ನನ್ನ ಫೋನಿನಲ್ಲಿ ಇಲಾಖೆಯ ಜಾಲತಾಣ ತೆರೆದು ಪಾಸ್‌ವರ್ಡ್ ಹಾಕಿ ತೋರಿಸಿದಳು. "ದಿನಾ ಇಲ್ಲಿ ನೋಡ್ತಾ ಇರಿ. ಏನಾದ್ರೂ ಬದಲಾದ್ರೆ ಇಲ್ಲೇ ಗೊತ್ತಾಗುತ್ತೆ."

ದಿನಾ ನೋಡಿದೆ. ನಾನು ಶಾಲೆಯೊಂದರಲ್ಲಿ ಅಡುಗೆಯವಳು. ಬೆಳಿಗ್ಗೆ ಹೊರಡುವ ಮುಂಚೆ ಅಕ್ಕನನ್ನು ಗೋಡೆಗೊರಗಿಸಿ ಕೂರಿಸಿ, ಕಾಫಿ ಕುಡಿಸಿ, ಫೋನು ತೆಗೆಯುತ್ತಿದ್ದೆ. 'ಪರಿಶೀಲನೆಯಲ್ಲಿದೆ.' ಮಾರ್ಚಿನಲ್ಲೂ ಅದೇ, ಜುಲೈಯಲ್ಲೂ ಅದೇ. ಅಕ್ಕ ಅರ್ಧ ಬಾಯಲ್ಲೇ ಅಣಕಿಸುತ್ತಿದ್ದಳು. "ಇಷ್ಟು ದಿನ ನೋಡೋಕೆ ನಾನೇನು ಮದುವೆ ಹೆಣ್ಣೇನೇ?"

ಆಗಸ್ಟ್ ಹನ್ನೊಂದಕ್ಕೆ ಮಾತು ಬದಲಾಯಿತು. 'ನಿಮಗೊಂದು ಪತ್ರವಿದೆ. ಮೂವತ್ತು ದಿನಗಳಲ್ಲಿ ಉತ್ತರಿಸಿ.' ಪತ್ರ ತೆರೆಯಲು ಒತ್ತಿದರೆ ಕ್ಯಾಮೆರಾ ತೆರೆಯಿತು. ಅರ್ಜಿದಾರರ ಮುಖವನ್ನು ಗುರುತಿನ ಚೀಟಿಯ ಫೋಟೋದೊಂದಿಗೆ ತಾಳೆ ನೋಡಬೇಕಂತೆ. ಅಕ್ಕನ ಕೂದಲು ಬಾಚಿ, ಕಿಟಕಿಯ ಬೆಳಕಿಗೆ ಕೂರಿಸಿದೆ. ಮುಖ ಗೆರೆಯೊಳಗೆ ಬಂದಿತು. 'ಈಗ ಮುಗುಳ್ನಗಿ' ಎಂದು ಫೋನು ಹೇಳಿತು.

ಎಡಗಡೆಯ ತುಟಿ ಮೇಲೆದ್ದಿತು. ಬಲಗಡೆಯದು ಇದ್ದಲ್ಲೇ ಇತ್ತು.

'ಮುಖ ಹೊಂದುತ್ತಿಲ್ಲ.'

ಎರಡನೇ ಸಲ ನಾನೇ ಬೆರಳಿನಿಂದ ಅವಳ ಬಲದುಟಿಯನ್ನು ಎತ್ತಿ ಹಿಡಿದೆ. ಮುಖದ ಮೇಲೆ ಕೈ ಇರಬಾರದೆಂದಿತು. ಮೂರನೆಯದಕ್ಕೆ ಖಾತೆಗೆ ಒಂದು ದಿನ ಬೀಗ ಬಿತ್ತು. ಅಕ್ಕ ಎಡಗೈಯಿಂದ ಬಾಯಿ ಒರೆಸಿಕೊಂಡು ಗೋಡೆಯ ಕಡೆ ತಿರುಗಿದಳು.

ಸಹಾಯವಾಣಿಗೆ ಫೋನು ಮಾಡಿದರೆ ರೆಕಾರ್ಡ್ ಮಾಡಿಟ್ಟ ದನಿಯೊಂದು ಜಾಲತಾಣಕ್ಕೇ ಹೋಗಲು ಹೇಳಿತು. ಕೊನೆಗೆ ರಜೆ ಹಾಕಿ, ಪಕ್ಕದ ಮನೆಯವರ ಕಾರಿನಲ್ಲಿ ಅಕ್ಕನನ್ನು ಕಚೇರಿಗೆ ಕರೆದೊಯ್ದೆ. ಕೌಂಟರಿನಲ್ಲಿದ್ದ ಹುಡುಗಿ ಕೆಟ್ಟವಳೇನಲ್ಲ. ಎದ್ದು ಬಂದು ಅಕ್ಕನಿಗೆ ನೀರು ಕೊಟ್ಟಳು.

"ಮೊದ್ಲೇ ಸಮಯ ತಗೊಂಡಿದೀರಾ?"

"ಎಲ್ಲಿ ತಗೋಬೇಕು ಮೇಡಂ?"

"ಆನ್‌ಲೈನ್‌ನಲ್ಲೇ."

"ಅದು ಮುಖ ಕೇಳುತ್ತೆ. ಇಗೋ ಮುಖ, ನಿಮ್ಮ ಎದುರಿಗೇ ಇದೆ! ಚೀಟೀನೂ ಇದೆ. ನೀವೇ ನೋಡಿ ಹೇಳಿ, ಇವಳಲ್ವಾ?"

ಆಕೆ ಚೀಟಿ ನೋಡಿದಳು, ಅಕ್ಕನನ್ನು ನೋಡಿದಳು. "ಇವರೇ ಅಂತ ನಂಗೆ ಕಾಣುತ್ತೆ ಅಮ್ಮಾ. ಆದ್ರೆ ನಾನು ಒಪ್ಪಿದ್ರೆ ಆಗಲ್ಲ, ಅದು ಒಪ್ಬೇಕು. ಪತ್ರ ತೆಗೆಯೋಕೆ ನನಗೂ ಅಧಿಕಾರ ಇಲ್ಲ. ಈಗಿನ ಮುಖದ ಫೋಟೋ ಹಾಕಿ ಹೊಸ ಗುರುತಿನ ಚೀಟಿ ಮಾಡಿಸ್ಬಿಡಿ."

"ಎಷ್ಟು ದಿನ ಆಗುತ್ತೆ?"

"ಆರೇಳು ವಾರ."

"ನಮಗಿರೋದು ಇಪ್ಪತ್ತೆರಡು ದಿನ."

ಅವಳು ತಲೆ ತಗ್ಗಿಸಿ ಮುಂದಿನವರ ನಂಬರು ಕರೆದಳು.

ಅಕ್ಕ ಮೊದಲು ಒಪ್ಪಲಿಲ್ಲ. "ಆ ಚೀಟಿಲಿರೋಳೇ ನಾನು. ಈ ಮುಖಾನ ಯಾಕೆ ಸರ್ಕಾರಕ್ಕೆ ಕೊಡ್ಲಿ? ವಾಸಿ ಆಗಲ್ಲ ಅಂತ ನಾನೇ ಬರ್ಕೊಟ್ಟ ಹಾಗಲ್ವಾ?" ಎರಡು ದಿನ ಬಿಟ್ಟು ಅವಳೇ ಅಂದಳು, "ನಡಿಯೇ, ಹೋಗೋಣ. ಆ ಚಿನ್ನದ ಓಲೆ ಹಾಕು." ಫೋಟೋ ತೆಗೆಯುವವನು "ಗಲ್ಲ ಎತ್ತಿ" ಎಂದ. ಅವಳ ಗಲ್ಲ ನಿಲ್ಲಲಿಲ್ಲ. ನಾನು ಹಿಂದಿನಿಂದ ತಲೆ ಹಿಡಿದು, ಫೋಟೋದಲ್ಲಿ ನನ್ನ ಬೆರಳು ಕಾಣದ ಹಾಗೆ ಬಗ್ಗಿ ನಿಂತೆ.

ಮೂವತ್ತನೆಯ ದಿನ ಕಳೆಯಿತು. ಮರುದಿನ ಫೋನು ತೆಗೆದೆ. 'ಮುಕ್ತಾಯವಾಗಿದೆ. ಅರ್ಜಿದಾರರಿಗೆ ಆಸಕ್ತಿಯಿಲ್ಲ.'

ಆಸಕ್ತಿಯಿಲ್ಲ! ನಾನು ಅಡುಗೆಮನೆಗೆ ಹೋಗಿ, ನಲ್ಲಿ ಪೂರಾ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತೆ.

ಹೊಸ ಚೀಟಿ ಅಕ್ಟೋಬರಿನಲ್ಲಿ ಬಂತು. ಕ್ಯಾಮೆರಾ ಈ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಒಪ್ಪಿಕೊಂಡಿತು. "ಇವಳನ್ನ ಗುರುತು ಹಿಡೀತು ನೋಡು" ಎಂದು ಅಕ್ಕ ಬೇರೆ ಯಾರ ಬಗ್ಗೆಯೋ ಹೇಳುವಂತೆ ಹೇಳಿದಳು. ಹಳೆಯ ಪತ್ರ ತೆರೆಯಿತು. ಅವರು ಕೇಳಿದ್ದು ಗುರುತಿನ ಚೀಟಿಯ ಹಿಂಭಾಗದ ನಕಲು. ಮುಂಭಾಗವಷ್ಟೇ ಹೋಗಿತ್ತಂತೆ.

"ಅಷ್ಟೇನಾ?" ಎಂದಳು ಅಕ್ಕ.

"ಅಷ್ಟೇ ಅಕ್ಕಾ."

ಮುಚ್ಚಿದ ಅರ್ಜಿಯನ್ನು ತೆರೆಯಲು ಬರುವುದಿಲ್ಲವೆಂದರು. ಹೊಸದು ಹಾಕಿದೆವು, ಚೀಟಿಯ ಎರಡೂ ಬದಿ ಸೇರಿಸಿ. ಗಾಡಿಯನ್ನು ಇನ್ನೊಬ್ಬ ಹೆಂಗಸಿಗೆ ಕೊಟ್ಟಾಯಿತು. ಈಗ ಅಕ್ಕ ಫೋನಿನ ವಿಷಯ ಎತ್ತುವುದಿಲ್ಲ, ನಾನು ಅವಳ ಮುಂದೆ ತೆಗೆಯುವುದೂ ಇಲ್ಲ. ಶಾಲೆಯಲ್ಲಿ ಬೀನ್ಸ್ ಕಾಳು ಬೇಯುವಾಗ ಕೈ ಒರೆಸಿಕೊಂಡು ಒಮ್ಮೆ ನೋಡುತ್ತೇನೆ. ನಿನ್ನೆಗೆ ಹನ್ನೊಂದು ವಾರವಾಯಿತು. 'ಪರಿಶೀಲನೆಯಲ್ಲಿದೆ.'