ಫೋನ್ ಬರದಿದ್ದರೆ ಏನೂ ಇಲ್ಲ

ಟಿಕೆಟಿನ ಮೇಲಿನ ಅಂಕಿಗಳು ನೇರಳೆ, ಕೈಬೆವರಿಗೆ ಆಗಲೇ ಅರ್ಧ ಮಾಸಿವೆ, ಇದೇ ಬಣ್ಣ, ಸ್ಟ್ಯಾಂಪ್ ಪ್ಯಾಡಿನದು, ಆವತ್ತು ಶಿಬಿರದಲ್ಲಿ ಒಪ್ಪಿಗೆ ಚೀಟಿಗೆ ಒತ್ತಿದ ಚಿನ್ನಿಯಕ್ಕನ ಹೆಬ್ಬೆಟ್ಟಿನದು — ಒರೆಸಿಕೊಳ್ಳಿ ಅಂತ ಹತ್ತಿ ಕೊಟ್ಟರೆ ಬೇಡವೆಂದು ತಲೆಗೂದಲಿಗೆ ಉಜ್ಜಿಕೊಂಡಳು, ಎಣ್ಣೆಗೆ ಎಲ್ಲ ಹೋಯ್ತದೆ ಕಣವ್ವ, ಹೋಗಿರಲಿಲ್ಲ, ಉಗುರಿನ ಸಂದಿಯಲ್ಲಿ ಉಳಿದೇ ಇತ್ತು. ಸೋಮವಾರಪೇಟೆ ದಾಟಿತೇ, ದಾಟಿರಬೇಕು, ಕಾಫಿ ತೋಟದ ಸಿಲ್ವರ್ ಮರಗಳು ಹಿಂದೆ ಬಿದ್ದು ಶುಂಠಿ ಗದ್ದೆಗಳು ಶುರುವಾಗಿವೆ, ಪಕ್ಕದ ಹೆಂಗಸು ನನ್ನ ಭುಜವನ್ನೇ ದಿಂಬು ಮಾಡಿಕೊಂಡಿದ್ದಾಳೆ, ಮಲಗಲಿ, ನನಗೂ ಕಣ್ಣು ಎಳೆಯುತ್ತಿದೆ, ರಾತ್ರಿ ನಿದ್ದೆ ಎಲ್ಲಿತ್ತು. ಆಸ್ಪತ್ರೆಯ ರೆಕಾರ್ಡ್ ರೂಮಿನವಳು ನಾನು, ಮುಖ ನೋಡದೆ ಕಾಯಿಲೆಗೆ ಕೋಡ್, ಒಂದು ಅಕ್ಷರ ಎರಡು ಮೂರು ಅಂಕಿ, ಹಚ್ಚುವವಳು, ಕೆಮ್ಮಿಗೊಂದು, ಜ್ವರಕ್ಕೊಂದು, ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದದ್ದಕ್ಕೂ ಒಂದಿದೆ, ಎಂಟು ವರ್ಷದಿಂದ ಹಚ್ಚಿ ಹಚ್ಚಿ ಈಗ ಬಸ್ಸಿನವರೆಲ್ಲರ ನೆತ್ತಿಯ ಮೇಲೂ ಒಂದೊಂದು ಅಕ್ಷರ ತೇಲುತ್ತದೆ, ಆ ಮುದುಕನ ಮಂಡಿಗೆ, ಈ ಮಗುವಿನ ಮೂಗಿಗೆ, ನನ್ನ ನೆತ್ತಿಯ ಮೇಲೆ ಏನಿದೆಯೋ, ಅಜಾಗರೂಕತೆಗೆ ಕೋಡ್ ಇಲ್ಲ.

ಸಂತೆಯ ದಿನವೇ ತಪಾಸಣೆ ಶಿಬಿರ ಇಟ್ಟಿದ್ದೆವು, ಹೆಸರು ಬರೆದುಕೊಳ್ಳಲು ನನ್ನನ್ನೂ ಕಳಿಸಿದ್ದರು, ಬೇರೆ ದಿನ ಯಾರು ಬರುತ್ತಾರೆ, ಸಮುದಾಯ ಭವನದ ಪರದೆಯ ಹೊರಗೆ ಹೆಂಗಸರ ಬದಲು ಅವರ ಸಂತೆಚೀಲಗಳು ಸಾಲಾಗಿ ನಿಂತಿದ್ದವು, ಒಣಮೀನಿನದು, ಸೊಪ್ಪಿನದು, ಮಂಡಕ್ಕಿಯದು, ಚೀಲ ಮುಂದೆ ಸರಿದರೆ ಒಡತಿ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಗರ್ಭಕೋಶದ ಬಾಯಿಯ ಹತ್ತಿರ ಒಂಚೂರು ಸವರಿ ತೆಗೆಯುವುದು, ನೋವಿಲ್ಲ, ಕ್ಯಾನ್ಸರ್ ಬರುವ ಮೊದಲೇ ಗೊತ್ತಾಗುತ್ತದೆ, ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು, ಹಸಿಮೆಣಸಿನಕಾಯಿ ಮಾರುವ ಚಿನ್ನಿಯಕ್ಕ ಮಾತ್ರ, ಅಲ್ಲೇನವ್ವ ನೋಡಾದು, ಮೂರು ಹೆತ್ತಾಗ್ಲೂ ಇಷ್ಟು ಜನ ನೋಡ್ಲಿಲ್ಲ, ಸಾಲಿಗೆ ಸಾಲೇ ನಕ್ಕಿತು, ನಾನೂ. ಹೊರಡುವಾಗ ಕೇಳಿದಳು, ಗೊತ್ತಾಗಾದೆಂಗೆ. ನಾನೇ ಹೇಳಿದ್ದು, ಏನಾದ್ರೂ ಇದ್ರೆ ಫೋನ್ ಮಾಡ್ತೀವಿ, ಬರ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ ತಿಳ್ಕೊಳ್ಳಿ. ಕಂಪ್ಯೂಟರಿನಲ್ಲಿ ನಲವತ್ತೊಂದು ಹೆಸರು. ಝಡ್ ಹನ್ನೆರಡು ಪಾಯಿಂಟ್ ನಾಲ್ಕು, ಅಂದರೆ ಸುಮ್ಮನೆ ತಪಾಸಣೆಗೆ ಬಂದವಳು, ಮೊದಲ ಸಾಲಿನಲ್ಲಿ ಒಮ್ಮೆ ಹೊಡೆದು ಮೌಸ್ ಹಿಡಿದು ಕೊನೆಯವರೆಗೆ ಎಳೆದುಬಿಟ್ಟೆ, ಎಲ್ಲರೂ ಹಾಗೇ ಮಾಡುತ್ತೇವೆ, ವರದಿಗಳು ಬಂದ ಮೇಲೆ ಒಂದೊಂದನ್ನೂ ಓದಿ, ಅಸಹಜ ಎಂದಿದ್ದರೆ ಆರ್ ಎಂಬತ್ತೇಳು ಪಾಯಿಂಟ್ ಆರು ಸೇರಿಸಬೇಕು, ಆರ್ ಅಂದರೆ ರೋಗವಲ್ಲ, ಏನೋ ಕಂಡಿದೆ, ಕರೆದು ಮತ್ತೆ ನೋಡಿ ಅಂತ, ಆರ್ ಇದ್ದವರಿಗಷ್ಟೇ ಆಸ್ಪತ್ರೆಯಿಂದ ಫೋನ್ ಹೋಗುವುದು. ಚಿನ್ನಿಯಕ್ಕನದರಲ್ಲಿ ನಾನು ಮೇಲಿನ ಸಾಲು ಮಾತ್ರ ಓದಿದೆ, ಮಾದರಿ ಸರಿಯಾಗಿದೆ, ಮುಚ್ಚಿದೆ, ಮುಂದಿನದು. ಕೆಳಗಿನ ಸಾಲು ಮೂರು ತಿಂಗಳು ಅಲ್ಲೇ ಕಾದು ಕೂತಿತ್ತು, ನಿನ್ನೆ ಬೇರೇನೋ ಹುಡುಕುವಾಗ ಕಂಡಿತು, ಜೀವಕೋಶಗಳಲ್ಲಿ ತೀವ್ರ ತರದ ಬದಲಾವಣೆ, ವರದಿ ಹಿಡಿದು ಡಾಕ್ಟರಮ್ಮನ ಹತ್ತಿರ ಓಡಿದೆ. ಈ ಹಂತದಲ್ಲಿ ಸಣ್ಣ ಚಿಕಿತ್ಸೆ ಸಾಕು, ಬಿಟ್ಟರೆ ಕ್ಯಾನ್ಸರ್ ಆಗಬಹುದು, ಬೇಗ ಕರೆಸು, ಅಂದರು ಡಾಕ್ಟರಮ್ಮ. ನಮ್ಮ ಮೇಲಿನವರು ಸತೀಶ್ ಸರ್, ಕೋಡ್ ತಿದ್ದಿಬಿಡು ವೀಣಾ, ಸೋಮವಾರ ಫೋನ್ ಹೋಗುತ್ತೆ, ತಡ ಆಗಿದ್ದು ಯಾರಿಗೆ ಗೊತ್ತಾಗುತ್ತೆ. ತಿದ್ದಿದೆ, ಎರಡು ನಿಮಿಷದ ಕೆಲಸ. ಫೋನೂ ಮಾಡಿದೆ, ಚೀಟಿಯಲ್ಲಿದ್ದದ್ದು ಅವಳ ಅಳಿಯನ ನಂಬರು, ಸ್ವಿಚ್ ಆಫ್, ಮತ್ತೆ ಸ್ವಿಚ್ ಆಫ್. ಇವತ್ತು ಶನಿವಾರ, ಸಂತೆ, ಎಲ್ಲಿ ಸಿಗದಿದ್ದರೂ ಅಲ್ಲಿ ಸಿಗುತ್ತಾಳೆ.

ಬಸ್ಸು ನಿಂತಿದೆ, ಭುಜ ಹಗುರ, ಆ ಹೆಂಗಸು ಯಾವಾಗ ಇಳಿದಳೋ, ನಾನೂ ಇಳಿದಿದ್ದೇನೆ, ಸಂತೆಯಲ್ಲಿ ದರ ಕೂಗುವವರು, ತೂಗುವವರು, ಎಲ್ಲರ ಮಾತೂ ನೀರಿನಡಿಯಿಂದ ಬಂದಂತೆ, ಮೆಣಸಿನಕಾಯಿ ಘಾಟಿಗೆ ಕಣ್ಣು ತುಂಬಿ, ಘಾಟಿಗೇ ಇರಬೇಕು, ಚಿನ್ನಿಯಕ್ಕ ಗೋಣಿಯ ಮೇಲೆ ಕೂತಿದ್ದಾಳೆ, ಸ್ವಲ್ಪ ಸೊರಗಿದ್ದಾಳೆಯೇ, ಇಲ್ಲ, ನನ್ನ ಭಯ, ನನಗೆ ತುಂಬಾ ಭಯವಾಗಿದೆ. ಆಸ್ಪತ್ರೆ ಕೂಸು ಅಲ್ವಾ ನೀನು, ಬಾರವ್ವ, ಕೂತ್ಕೋ — ನಾನು ಬಾಯಿ ಬಿಡುವ ಮೊದಲೇ ಎರಡು ಹಿಡಿ ಮೆಣಸಿನಕಾಯಿ ನನ್ನ ಚೀಲಕ್ಕೆ ಸುರಿದಾಗಿದೆ, ದುಡ್ಡು ಬ್ಯಾಡ, ನಿನ್ನಿಂದ ನೆಮ್ಮದಿಯಾಗಿವ್ನಿ, ನಡುನಡುವೆ ಒಂಚೂರು ರಕ್ತ ಕಾಣಿಸ್ಕಂತಿತ್ತು, ಮಗಳು ಡಾಕ್ಟ್ರಿಗೆ ತೋರ್ಸು ಅಂದ್ಲು, ನಾನೇ ಅಂದೆ, ಆ ಕೂಸು ಹೇಳೈತೆ, ಫೋನ್ ಬರ್ದಿದ್ರೆ ಏನೂ ಇಲ್ಲ ಅಂತ, ಬರ್ಲಿಲ್ವಲ್ಲ. ಸತೀಶ್ ಸರ್ ತೋರಿಸಿದ ಸುಳ್ಳಿನ ದಾರಿ ನಾಲಿಗೆಯ ತುದಿಯವರೆಗೆ ಬಂತು, ಈಗಷ್ಟೇ ವರದಿ ಬಂತು ಅಂದರೆ ಮುಗಿಯಿತು, ಇವಳು ನಂಬುತ್ತಾಳೆ, ನಂಬುವುದೇ ಇವಳ ಕಷ್ಟ — ಚಿನ್ನಿಯಕ್ಕ, ಫೋನ್ ಬರಬೇಕಿತ್ತು, ಮೂರು ತಿಂಗಳ ಹಿಂದೆಯೇ, ತಪ್ಪು ನನ್ನದು, ನಾನು ಪೂರ್ತಿ ಓದಲಿಲ್ಲ, ಇವತ್ತೇ ನನ್ನ ಜೊತೆ ಬನ್ನಿ, ಡಾಕ್ಟರಮ್ಮ ಕಾಯ್ತಾ ಇದ್ದಾರೆ. ತಕ್ಕಡಿಯ ತಟ್ಟೆ ಅಲ್ಲಾಡುತ್ತಲೇ ಇದೆ, ಅವಳು ಅದನ್ನೇ ನೋಡುತ್ತಿದ್ದಾಳೆ, ಬೈಯಲಿ, ಬೈದರೆ ನನಗೆ ಹಗುರವಾಗುತ್ತಿತ್ತು, ಬೈಯುವುದಿಲ್ಲ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ, ನಿಧಾನಕ್ಕೆ, ಒಂದೊಂದೇ ಬೆರಳು, ಆಮೇಲೆ ಕೇಳುತ್ತಾಳೆ, ಮತ್ತೆ ಒತ್ಬೇಕೇನವ್ವ, ಕೇಳಿ ನನ್ನ ಮುಂದೆ ಚಾಚುತ್ತಾಳೆ, ಹೆಬ್ಬೆಟ್ಟು, ಈಗ ಅದರಲ್ಲಿ ನೇರಳೆ ಇಲ್ಲ, ಬರೀ ಹೆಬ್ಬೆಟ್ಟು, ಅಲ್ಲೇ ಕಾಯುತ್ತಿದೆ.